ಬರಿ ಲಾಳಿಯ ಸಪ್ಪಳ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳು ನಿಲ್ಲುವುದು ಕರೆಂಟು ಹೋದಾಗ ಮಾತ್ರ. ಹೋದರೆ ಎಲ್ಲ ಮನೆಗಳವೂ ಒಮ್ಮೆಲೇ ನಿಲ್ಲುತ್ತವೆ. ಗಂಡ ಶಿವಯೋಗಿ ತೀರಿಹೋದ ಮೇಲೆ ರಾಜೇಶ್ವರಿಗೆ ಆ ಹೊತ್ತಿನಲ್ಲೂ ಒಂದು ಮಗ್ಗದ ಸಪ್ಪಳ ಕೇಳಿಸುತ್ತಿತ್ತು. ಅದು ಅವಳ ಮನೆಯದೇ.

ಜ್ಯೇಷ್ಠದ ಒಂದು ಮಧ್ಯಾಹ್ನ ಶಿವಯೋಗಿ ನೇಯುತ್ತಿದ್ದವನು ಹಾಗೇ ಕುಸಿದುಬಿದ್ದಿದ್ದ. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. ಅಡುಗೆಮನೆಯಲ್ಲಿದ್ದ ರಾಜೇಶ್ವರಿ ಖಟ್‌ಖಟ್ ಕೇಳುತ್ತಲೇ ಇದ್ದುದರಿಂದ ಅವನು ನೇಯುತ್ತಿದ್ದಾನೆ ಎಂದೇ ತಿಳಿದಿದ್ದಳು. ಹೋಗಿ ನೋಡಿದಾಗ ಲಾಳಿಯೊಳಗಿನ ನೂಲು ಯಾವಾಗಲೋ ತೀರಿತ್ತು. ಬರಿ ಲಾಳಿ ಅತ್ತಿಂದಿತ್ತ ಓಡಾಡುತ್ತಿತ್ತು. ಸೀರೆ ಒಂದೆಳೆಯೂ ಮುಂದೆ ಹೋಗಿರಲಿಲ್ಲ. ಬಿದ್ದ ಕೂಡಲೇ ಜೀವ ಹೋಗಿದೆ, ಯಾರು ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ನಂಬಲಿಲ್ಲ.

"ಕೈಗೆ ಕೆಲಸ ಕೊಡು ಬೇ, ಮನಸ ತಾನ ಸುಮ್ಮನಾಗತೈತಿ" ಎಂದಳು ಎದುರುಮನೆಯ ತಾರವ್ವ. ದಿನಕರ್ಮ ಮುಗಿದ ಮರುದಿನವೇ ರಾಜೇಶ್ವರಿ ಮಗ್ಗ ಚಾಲೂ ಮಾಡಿದಳು. ಬೆಳಗಿನಿಂದ ದೀಪ ಹಚ್ಚುವವರೆಗೆ ನೇಯ್ದಳು. ತಾನು ಮಗ್ಗ ನಡೆಸುತ್ತಿರುವಷ್ಟು ಹೊತ್ತು ಆ ಇನ್ನೊಂದು ಸಪ್ಪಳ ಕೇಳುತ್ತಿರಲಿಲ್ಲ. ಕರೆಂಟು ಹೋಯಿತೋ, ಶುರುವಾಗುತ್ತಿತ್ತು. ಎರಡು ತಿಂಗಳಲ್ಲಿ ಅವಳ ರವಿಕೆ ತೋಳಿನಲ್ಲಿ ಜೋಲತೊಡಗಿತು. ಒಂದು ಮಧ್ಯಾಹ್ನ ಸಪ್ಪಳ ತಡೆಯಲಾರದೆ ಎದ್ದು ಮಗ್ಗದ ಮೇಲೆ ಅಂಗೈ ಊರಿದಳು. ಕಬ್ಬಿಣ ತಣ್ಣಗಿತ್ತು, ಅಲುಗಾಡುತ್ತಿರಲಿಲ್ಲ. ಸಪ್ಪಳ ಮಾತ್ರ ಇತ್ತು. ಅವಳು ಚೀರಿದಳು.

ತಾರವ್ವ ಫೋನು ಮಾಡಿದಳು. ಸಂಜೆಯೊಳಗೆ ಅಕ್ಕ ಶಿವವ್ವ ಗಲಗಲಿಯಿಂದ ಬಂದಿಳಿದಳು.

"ನಡಿ ನಮ್ಮೂರಿಗೆ."

"ಸೀರಿ ಅರ್ಧಕ್ಕ ನಿಂತೈತಿ ಅಕ್ಕಾ."

"ನಿಂದರಲಿ."

ಗಲಗಲಿಯಲ್ಲಿ ಕೃಷ್ಣೆ ಹೊಲಗಳಿಗೆ ನುಗ್ಗಿ ಆಗಷ್ಟೇ ಇಳಿದಿದ್ದಳು. ಕಪ್ಪು ಮಣ್ಣು ಹಸಿಹಸಿಯಾಗಿ ಮಿನುಗುತ್ತಿತ್ತು. ಶಿವವ್ವ ತಂಗಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಅಕ್ಕನ ಗಂಡ ಮುರಗೆಪ್ಪ ದಿನಾ ಬೆಳಿಗ್ಗೆ ಬದುವಿಗೆ ಹೋಗುತ್ತಿದ್ದ. ಒಂದು ಹಿಡಿ ಮಣ್ಣೆತ್ತಿ ಹಿಚುಕಿ, ಚೆಲ್ಲಿ, ಮನೆಗೆ ಬರುತ್ತಿದ್ದ. ಒಂದು ದಿನ ರಾಜೇಶ್ವರಿ ಅವನ ಜೊತೆ ಹೋದಳು.

"ನೀರ ಇಳದು ಹದಿನೈದ ದಿನ ಆತಲ್ರೀ ಮಾವ. ಇನ್ನೂ ಯಾಕ ಹೊಲಕ್ಕ ಇಳದಿಲ್ಲ?"

"ಹದ ಬಂದಿಲ್ಲವ್ವ. ಎರಿ ಭೂಮಿ ಇದು. ಹಸಿ ಇದ್ದಾಗ ತುಳದ್ರ ಕಲ್ಲ ಆಗತೈತಿ. ಆಮ್ಯಾಲ ಆ ವರ್ಷ ಏನ ಬಿತ್ತಿದ್ರೂ ಏಳೂದಿಲ್ಲ. ಕಾಯೂದೂ ಒಕ್ಕಲತನಾನ."

ಅವಳೂ ಒಂದು ಹಿಡಿ ಮಣ್ಣೆತ್ತಿ ಹಿಚುಕಿ ನೋಡಿದಳು. ಅಂದು ಉಂಡು ಮಲಗಿದವಳು ಹೊತ್ತು ಮುಳುಗಿದರೂ ಏಳಲಿಲ್ಲ. ಶಿವವ್ವ ಎಬ್ಬಿಸಲೂ ಇಲ್ಲ.

ಆದರೆ ಸಪ್ಪಳ ಅಲ್ಲಿಗೂ ಬಂತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅಕ್ಕ ಮೆಂತ್ಯೆ ಸೊಪ್ಪು ಸೋಸುತ್ತಿದ್ದಾಗ ಹೊಳೆಯ ಕಡೆಯಿಂದ ಖಟ್‌ಖಟ್ ಎಂದಿತು. ರಾಜೇಶ್ವರಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

"ಅಕ್ಕಾ, ಅವತ್ತ ನಾ ಎರಡ ಸಲ ಕರದೆ. 'ಏನ್ರೀ, ಉಣ್ಣಾಕ ಬರ್ರಿ' ಅಂತ. ಮಗ್ಗ ನಡದಿತ್ತು, ಇವರು ಓ ಅನ್ನಲಿಲ್ಲ. ಬೇಕಂತ ಮಾಡಾಕತ್ತಾರ ಅಂತ ಸಿಟ್ಟ ಬಂತು. ನಾ ಒಬ್ಬಾಕೀನ ಉಂಡೆ. ಹೊಟ್ಟಿ ತುಂಬ ಉಂಡೆ. ಅವರು ಅಲ್ಲೆ ಬಿದ್ದಿದ್ರು ಅಕ್ಕಾ, ನಾ ಇಲ್ಲೆ ಉಣ್ಣಾಕತ್ತಿದ್ದೆ."

ಶಿವವ್ವನ ಕೈ ನಿಂತಿತು. ಸೊಪ್ಪು ಬದಿಗಿಟ್ಟು ಅವಳೆಂದಳು: "ಹಸದಿದ್ದಿ, ಉಂಡಿ. ಅದನ್ನ ತಪ್ಪಂತ ಹೊತಗೊಂಡ ತಿರಗಬ್ಯಾಡ. ಗಂಡ ಹ್ವಾದಾನ, ಅದಕ್ಕ ಅಳು."

ಶಿವಯೋಗಿ ಹೋದ ಮೇಲೆ ರಾಜೇಶ್ವರಿ ಬಾಯಿಬಿಟ್ಟು ಅತ್ತದ್ದು ಆಗಲೇ. ಅಳು ಮೂರ್ನಾಲ್ಕು ದಿನ ಬಂದುಬಂದು ಹೋಯಿತು. ಆಮೇಲೂ ಸಪ್ಪಳ ಪೂರ್ತಿ ಬಿಟ್ಟುಹೋಗಲಿಲ್ಲ. ಬಂದಾಗ ಅವಳು ಎದ್ದು ಓಡದೆ ಕುಳಿತಿರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದೇ ದೂರ ಸರಿಯುತ್ತಿತ್ತು.

ಮಹಾನವಮಿಯ ಹೊತ್ತಿಗೆ ಮಣ್ಣು ಹದಕ್ಕೆ ಬಂತು, ಜೋಳ ಬಿತ್ತಿದರು. ಪೈರು ಎದೆಯೆತ್ತರ ಆಗುವವರೆಗೂ ರಾಜೇಶ್ವರಿ ಅಲ್ಲೇ ಉಳಿದಳು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಎಲ್ಲರೊಡನೆ ಕುಳಿತು ಉಂಡು, ನಾಲ್ಕು ದಿನದ ಮೇಲೆ ಬನಹಟ್ಟಿಗೆ ಮರಳಿದಳು.

ಅರ್ಧಕ್ಕೆ ನಿಂತಿದ್ದ ಸೀರೆ ನೇಯ್ದಳು. ಮಧ್ಯಾಹ್ನದವರೆಗೆ ಮಾತ್ರ ಮಗ್ಗ, ಆಮೇಲೆ ಊಟ, ನಿದ್ದೆ. ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟಳು.

ಮರುವರ್ಷದ ಜ್ಯೇಷ್ಠದಲ್ಲಿ ಸಪ್ಪಳ ಮತ್ತೆ ಜೋರಾಗಿ, ಬಾಗಿಲ ಹಿಂದೆಯೇ ಇದ್ದಂತೆ ಬಂತು. ರಾಜೇಶ್ವರಿ ಮಗ್ಗದ ಮೇಲೆ ಬಟ್ಟೆ ಹೊದಿಸಿ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಕರೆಂಟು ಹೋಗಿತ್ತು. ತಾರವ್ವ ಎದುರಿನಿಂದ ಬಂದಳು.

"ಮಗ್ಗ ಮುಚ್ಚಿಬಿಟ್ಟಿ?"

"ಈ ತಿಂಗಳ ನಡಸೂದಿಲ್ಲ ತಾರಕ್ಕ. ಗಲಗಲಿಗೆ ಹೊಂಟೇನಿ. ಮತ್ತ ಕೇಳಾಕತ್ತೈತಿ."

ಏನು ಕೇಳುತ್ತದೆ ಎಂದು ತಾರವ್ವ ಕೇಳಲಿಲ್ಲ. ಸೆರಗಿನ ತುದಿ ಹಿಡಿದು ತಿರುವುತ್ತಾ ನಿಂತಳು. ಕಡೆಗೆ ಮೆಲ್ಲಗೆ ಹೇಳಿದಳು.

"ನನಗೂ ಕೇಳತೈತಿ ಬೇ. ಅವತ್ತ ನಾನೂ ಕೇಳಿದ್ದೆ. ನಲವತ್ತ ವರ್ಷ ನೇಯ್ದಾಕಿ ನಾ, ಬರಿ ಲಾಳಿ ಓಡೂದು ನನಗ ಗೊತ್ತಾಗತೈತಿ. ಯಾಕ ಹಿಂಗಾತು, ನೋಡೂಣು ಅಂದೆ. ಬಿಸಲಿತ್ತು. ಎದ್ದ ಬರಲಿಲ್ಲ."

 ರಾಜೇಶ್ವರಿಗೆ ಸಿಟ್ಟು ಬಂತು, ಅದು ಬಂದಷ್ಟೇ ಬೇಗ ಇಳಿಯಿತು. ವರ್ಷವಿಡೀ ಈ ಹೆಂಗಸು ಎದುರುಮನೆಯಲ್ಲಿ ಕುಳಿತು ಅದನ್ನೇ ಕೇಳುತ್ತಿದ್ದಳು. ಅವಳು ತಾರವ್ವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.  ಕರೆಂಟು ಬಂದು ಓಣಿಯ ಮಗ್ಗಗಳೆಲ್ಲ ಎದ್ದವು.

"ನೀನೂ ಬಾ ನನ್ನ ಜೋಡಿ" ಎಂದಳು ರಾಜೇಶ್ವರಿ.

"ನಾಲ್ಕ ದಿನ ಬರತೇನಿ ಹಂಗಾರ."

"ನಾಲ್ಕ ದಿನಕ್ಕ ಆಗೂದಲ್ಲ ತಾರಕ್ಕ. ಚೀಲದಾಗ ಸೀರಿ ಹೆಚ್ಚಿಗಿ ಇಟಗೋ."