ಮೋಟಾರು ಪೆಟ್ಟಿಗೆಯ ಜೊತೆ ಕೊಡಬೇಕಾದ ಕೋಡ್

ಹೋದ ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ನೀರು ಬಿಡುವವರಿಗೆ ಇದು ದಿನದ ಪಾಡು. ಹಾಗಾಗಿ ಕುರುಗೋಡಿನ ಚನ್ನಬಸವರಾಜ ಮತ್ತು ಅವನ ಹೆಂಡತಿ ಶಶಿರೇಖಾ ತಯಾರಿಸುವ ಮೋಟಾರು ಪೆಟ್ಟಿಗೆಗೆ ಒಳ್ಳೆಯ ಬೇಡಿಕೆ ಇತ್ತು. ಪೆಟ್ಟಿಗೆ ಇದ್ದರೆ ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಮೋಟಾರು ಶುರು ಮಾಡಬಹುದು, ನಿಲ್ಲಿಸಬಹುದು. ಅದರೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಅದನ್ನು ಬಳ್ಳಾರಿ ಬ್ರೂಸ್‌ಪೇಟೆಯ ವ್ಯಾಪಾರಿ ವಿರೂಪಾಕ್ಷಪ್ಪನ ಅಂಗಡಿಯಿಂದ ಪ್ರೋಗ್ರಾಂ ಸಮೇತ ತರುತ್ತಿದ್ದರು. ವೈರು ಜೋಡಿಸಿ, ಪರೀಕ್ಷೆ ಮಾಡಿ, ಮುಚ್ಚಳ ಹಾಕುವುದು ಶಶಿರೇಖಾಳ ಕೆಲಸ.

ಒಂದು ಬೆಳಿಗ್ಗೆ ಸಿರುಗುಪ್ಪದ ಮೀನಾಕ್ಷಿ ಅದೇ ಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಬಂದಳು. ಜೊತೆಗೆ ಅವಳ ತಂಗಿ ಅಕ್ಷತಾ, ಬಳ್ಳಾರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು.

“ನಿಮ್ಮ ಪೆಟ್ಟಿಗಿ ತಾನ ಮೋಟರ್ ಶುರು ಮಾಡ್ತೈತ್ರಿ,” ಎಂದಳು ಮೀನಾಕ್ಷಿ. “ಮೊಬೈಲ್‌ನಾಗ ಬಂದ್ ಮಾಡಿದ್ವಿ. ಕರೆಂಟ್ ಹೋಗಿ ಬಂತು, ಮೋಟರ್ ತಿರುಗೇ ಬಿಡ್ತು. ಆಗ ನಮ್ಮನಿಯವರು ಪಂಪಿನ ಬೆಲ್ಟ್ ಕೂಡ್ರಸಾಕ ಕೈ ಹಾಕಿ ಕುಂತಿದ್ರು. ಎರಡು ಬೆರಳು ಹೋದವು.”

ಶಶಿರೇಖಾ ಕೈಯಲ್ಲಿದ್ದ ವೈರು ಕೆಳಗಿಟ್ಟು ಪೆಟ್ಟಿಗೆ ಇಸಿದುಕೊಂಡಳು. ಆ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿ ಕೊಟ್ಟವಳು ಅವಳೇ. ಶುರು ಆಗುತ್ತದೆಯೇ, ನಿಲ್ಲುತ್ತದೆಯೇ ಎಂದು ನೋಡಿದ್ದಳು. ಕರೆಂಟು ತೆಗೆದು ಮತ್ತೆ ಕೊಟ್ಟರೆ ಏನಾಗುತ್ತದೆಂದು ನೋಡಿರಲಿಲ್ಲ.

“ತಪ್ಪು ಪ್ರೋಗ್ರಾಂನಾಗ ಐತಿ,” ಎಂದಳು ಅಕ್ಷತಾ. “ಬೋರ್ಡಿನಾಗಿರೋದು ಯಂತ್ರಕ್ಕಷ್ಟ ತಿಳಿತೈತಿ. ಮನುಷ್ಯರು ಬರೆದ ಮೂಲ ಕೊಡ್ರಿ, ಅದಕ್ಕ ಸೋರ್ಸ್ ಕೋಡ್ ಅಂತಾರ. ನಾನು ತಿದ್ದಿ ನೋಡ್ತೀನಿ.”

ಚನ್ನಬಸವರಾಜ ಆಗದೆಂದು ತಲೆ ಆಡಿಸಿದ. “ಅದು ನಮ್ಮ ಗುಟ್ಟವ್ವ. ಕೊಟ್ರ ನಾಳಿ ಓಣಿಗೊಬ್ಬ ಇದ ಪೆಟ್ಟಿಗಿ ಮಾಡ್ತಾನ.”

“ನಿಮ್ಮ ಗುಟ್ಟಲ್ರಿ ಅಣ್ಣ. ನಾನು ಬೋರ್ಡ್ ನೋಡೀನಿ, ಅದನ್ನ ನಡಸೋದು ಲಿನಕ್ಸ್ ಅನ್ನೋ ಪ್ರೋಗ್ರಾಂ. ಮೋಟರ್ ನಡಸೋ ಪ್ರೋಗ್ರಾಮೂ ಯಾರೋ ಬರೆದು ಎಲ್ಲಾರಿಗೂ ಬಿಟ್ಟುಕೊಟ್ಟಿದ್ದು. ಎರಡಕ್ಕೂ ಜಿಪಿಎಲ್ ಅನ್ನೋ ಪರವಾನಗಿ ಐತಿ. ಬಳಸ್ರಿ, ತಿದ್ರಿ, ಪೆಟ್ಟಿಗಿಯಾಗ ಹಾಕಿ ಮಾರ್ರಿ ಅಂತಾರ. ಆದ್ರ ಕೊಂಡೋರಿಗೂ ಅದ ಹಕ್ಕು ಕೊಡಬೇಕು. ನೀವು ತಿದ್ದಿದ್ದೂ ಸೇರಿಸಿ ಮೂಲ ಕೊಡಬೇಕು.”

“ಪುಕ್ಕಟೆ ಸಿಕ್ಕಿದ್ದಕ್ಕ ಎಂಥಾ ಷರತ್ತು?”

“ಪುಕ್ಕಟೆ ಸಿಕ್ತು ಅಂದ್ರ ಮಾಲೀಕರಿಲ್ಲ ಅಂತಲ್ರಿ. ಷರತ್ತು ಮೀರಿದ್ರ ಅದನ್ನ ಮಾರೋ ಹಕ್ಕ ಹೋಗ್ತೈತಿ. ಬರೆದೋರು ಕೋರ್ಟಿಗೂ ಹೋಗಬಹುದು.”

ಚನ್ನಬಸವರಾಜನ ದನಿ ಇಳಿಯಿತು. “ಕೊಡಾಕ ನನ್ನ ಹತ್ರ ಏನೈತಿ? ವಿರೂಪಾಕ್ಷಪ್ಪ ನನಗ ಕೊಟ್ಟೇ ಇಲ್ಲ.”

“ಹಂಗಾದ್ರ ನಾವೂ ಕೊಂಡೋರ ಅಲ್ಲೇನು?” ಎಂದಳು ಶಶಿರೇಖಾ. “ನಾವು ಹೋಗಿ ಕೇಳೋಣು.”

ಅದಕ್ಕೂ ಮೊದಲು ಅವಳು ಪೆಟ್ಟಿಗೆ ಕೊಂಡವರಿಗೆಲ್ಲ ಫೋನು ಮಾಡಿದಳು. ಮೇನ್ ಸ್ವಿಚ್ ಆರಿಸದೆ ಮೋಟಾರು ಮುಟ್ಟಬೇಡಿ ಎಂದು ಬಿಡಿಸಿ ಹೇಳಿದಳು. ಹೊಸ ಪೆಟ್ಟಿಗೆ ಮಾರುವುದನ್ನೂ ನಿಲ್ಲಿಸಿದಳು.

“ಹೆಸರು ಕೆಡ್ತೈತಿ,” ಎಂದ ಗಂಡ.

“ಕೆಡ್ಲಿ. ಇನ್ನೊಬ್ಬರ ಕೈ ಹೋಗೋದು ಬ್ಯಾಡ.”

ಬ್ರೂಸ್‌ಪೇಟೆಯ ಅಂಗಡಿಯಲ್ಲಿ ವಿರೂಪಾಕ್ಷಪ್ಪ ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿಲ್ಲವ್ವ.”

“ಈಗ ನಾನು ಕೇಳಾಕತ್ತೀನ್ರಿ.”

ಬೋರ್ಡು ತಯಾರಿಸುವ ಬೆಂಗಳೂರಿನ ಕಂಪನಿಗೆ ಹೇಳುತ್ತೇನೆ ಎಂದು ಅವನು ಸಾಗಹಾಕಿದ. ಕಂಪನಿಯಿಂದ ಏನೂ ಬರಲಿಲ್ಲ. ಶಶಿರೇಖಾ ಮತ್ತೆ ಹೋದಳು, ಮತ್ತೂ ಹೋದಳು. ಕೊನೆಗೆ ರೂಪನಗುಡಿಯ ಜೋಗಪ್ಪನನ್ನೂ ಕರೆದುಕೊಂಡು ಹೋದಳು. ಅವನು ಅದೇ ಬೋರ್ಡಿನಿಂದ ನೀರಿನ ಟ್ಯಾಂಕಿನ ಮೀಟರು ಮಾಡುತ್ತಿದ್ದ. “ಸೋರ್ಸ್ ಕೋಡ್ ಬರೋತನಕ ನಾವಿಬ್ರೂ ಬೋರ್ಡ್ ಒಯ್ಯೋದಿಲ್ಲ,” ಎಂದರು. ವಿರೂಪಾಕ್ಷಪ್ಪ ಅವರೆದುರಿಗೇ ಕಂಪನಿಗೆ ಫೋನು ಹಚ್ಚಿದ.

ಈ ಸಲ ಕೋಡ್ ಬಂತು, ಆದರೆ ಅರೆಬರೆ. ಅಕ್ಷತಾ ಅದರಿಂದ ಬೋರ್ಡಿಗೆ ಹಾಕುವಂಥ ಪ್ರೋಗ್ರಾಂ ಕಟ್ಟಲು ನೋಡಿದಳು, ಆಗಲಿಲ್ಲ. ಕಟ್ಟುವ ವಿಧಾನದ ಫೈಲುಗಳೇ ಇರಲಿಲ್ಲ. “ಇದು ಕೊಟ್ಟಂಗಲ್ಲ. ಪೂರ್ತಿ ಬೇಕು,” ಎಂದು ಶಶಿರೇಖಾ ಮತ್ತೆ ಪಟ್ಟು ಹಿಡಿದಳು. ಪೂರ್ತಿ ಬರುವವರೆಗೂ ಬಿಡಲಿಲ್ಲ.

ಪೂರ್ತಿ ಕೋಡ್ ಕೈಗೆ ಬಂದ ಮೇಲೆ ಅಕ್ಷತಾಗೆ ತಪ್ಪು ಸಿಕ್ಕಿತು. “ಶುರು ಮಾಡು” ಎಂದದ್ದನ್ನು ಪ್ರೋಗ್ರಾಂ ನೆನಪಿಡುತ್ತಿತ್ತು, “ನಿಲ್ಲಿಸು” ಎಂದದ್ದನ್ನು ಮರೆಯುತ್ತಿತ್ತು. ಕರೆಂಟು ಬಂದೊಡನೆ ಹಳೆಯ ಆಜ್ಞೆಯನ್ನೇ ಪಾಲಿಸುತ್ತಿತ್ತು. ಅಕ್ಷತಾ ತಿದ್ದಿದಳು. ಶಶಿರೇಖಾ ಕರೆಂಟು ತೆಗೆದು ಕೊಟ್ಟು, ತೆಗೆದು ಕೊಟ್ಟು ಪರೀಕ್ಷೆ ಮಾಡಿದಳು. ಮೋಟಾರು ಮಿಸುಕಲಿಲ್ಲ. ಮೀನಾಕ್ಷಿಯ ಗಂಡ ಹೊನ್ನೂರಸ್ವಾಮಿಯ ಗದ್ದೆಗೆ ತಾನೇ ಹೋಗಿ ತಿದ್ದಿದ ಮೊದಲ ಪೆಟ್ಟಿಗೆ ಕೂರಿಸಿದಳು. “ಉಳಿದೋರದೂ ತಿದ್ದಿ ಕೊಡ್ರಿ,” ಎಂದಷ್ಟೇ ಅವನು ಹೇಳಿದ. ಕೊಟ್ಟಳು, ಒಂದೂ ಬಿಡದೆ.

ತಿದ್ದಿದ ಕೋಡನ್ನು ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿನಲ್ಲಿ ಇಟ್ಟರು. ಚನ್ನಬಸವರಾಜ ಹೆದರಿದಂತೆ ಯಾರೂ ಓಣಿಗೊಂದು ಅಂಗಡಿ ತೆರೆಯಲಿಲ್ಲ. ಬದಲಿಗೆ ಜೋಗಪ್ಪ ಅದರಲ್ಲಿ ಇನ್ನೊಂದು ಕುಂದು ಹುಡುಕಿ, ತಿದ್ದಿಸಿ ಕಳಿಸಿದ. ಅದನ್ನು ನೋಡಿ ಚನ್ನಬಸವರಾಜ ಹೆಂಡತಿಯತ್ತ ತಿರುಗಿದ. “ನಾನು ಬಚ್ಚಿಟ್ಟುಕೊಂಡು ಕುಂತಿದ್ರ ಇದು ನಮ್ಗ ಗೊತ್ತ ಆಗ್ತಿದ್ದಿಲ್ಲ.” ಈಗ ಪ್ರತಿ ಪೆಟ್ಟಿಗೆಯಲ್ಲೂ ಪರವಾನಗಿಯ ಪ್ರತಿ, ಬರೆದವರ ಹೆಸರು, ಸೋರ್ಸ್ ಕೋಡ್ ಎಲ್ಲಿ ಸಿಗುತ್ತದೆ ಎಂಬ ವಿವರ ಇರಬೇಕೆಂದು ನಿಂತು ನೋಡಿಕೊಳ್ಳುವವನು ಅವನೇ.

ರೂಟರ್, ಕ್ಯಾಮೆರಾ, ಮೀಟರು, ಮೋಟಾರು ಪೆಟ್ಟಿಗೆ ಏನೇ ತಯಾರಿಸುವವರಿರಲಿ, ನಿಮಗೆ ನಮ್ಮದೊಂದು ಮಾತು. ಒಳಗೆ ಯಾವ ಪ್ರೋಗ್ರಾಂ ಇದೆ, ಅದರ ಪರವಾನಗಿ ಏನು ಕೇಳುತ್ತದೆ ಎಂದು ಮೊದಲೇ ಓದಿ. ಕೆಲವಕ್ಕೆ ಬರೆದವರ ಹೆಸರು ಮತ್ತು ಪರವಾನಗಿಯ ಪ್ರತಿ ಕೊಟ್ಟರೆ ಸಾಕು, ಕೆಲವಕ್ಕೆ ಪೂರ್ತಿ ಮೂಲ ಕೊಡಬೇಕು. ಬೋರ್ಡು ಕೊಳ್ಳುವಾಗಲೇ ಅದನ್ನೂ ಕೇಳಿ ಪಡೆಯಿರಿ. ಕೊಂಡುಕೊಳ್ಳುವವರೇ, ಕೇಳಲು ಸಂಕೋಚ ಬೇಡ. ಇಲ್ಲ ಎಂದರೆ ನಾಲ್ಕು ಜನ ಸೇರಿ ಕೇಳಿ. ತಯಾರಿಸುವವರೇ, ಅವರು ನಿಮ್ಮ ಬಾಗಿಲಿಗೆ ಬರುವಂತೆ ಮಾಡಬೇಡಿ. ಮಾರುವ ದಿನವೇ ಕೊಟ್ಟುಬಿಡಿ.