ಉಮಾಳ ಎಡಗೈ

ಉಮಾಮಹೇಶ್ವರಿ ನಡೆದು ಬರುವುದನ್ನು ದೂರದಿಂದ ಕಂಡವರು ಅವಳ ಎಡಗೈಗೆ ಪೆಟ್ಟಾಗಿದೆಯೆಂದೇ ತಿಳಿಯುತ್ತಿದ್ದರು. ಬಲಗೈ ಎಲ್ಲರ ಕೈಯಂತೆ ಬೀಸುತ್ತಿತ್ತು, ಚೀಲ ಹಿಡಿಯುತ್ತಿತ್ತು, ಆಟೋ ನಿಲ್ಲಿಸುತ್ತಿತ್ತು. ಎಡಗೈ ಮಾತ್ರ ಮೊಣಕೈಯಲ್ಲಿ ಮಡಿಸಿಕೊಂಡು, ಒಳಮೈಯನ್ನು ಆಕಾಶಕ್ಕೆ ತಿರುಗಿಸಿಕೊಂಡು, ಸೀರೆಗೆ ತಾಗದಷ್ಟು ದೂರದಲ್ಲಿ, ಕಾಣದ ತಟ್ಟೆಯೊಂದನ್ನು ಹೊತ್ತ ಹಾಗೆ ಅವಳ ಪಕ್ಕದಲ್ಲಿ ಬರುತ್ತಿತ್ತು. ಆ ಕೈಗೆ ಬಳೆಯಿರಲಿಲ್ಲ, ಗಡಿಯಾರವಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈಯಲ್ಲಿ ಲಿಂಗ, ಪೂಜೆ ಮುಗಿದ ಮೇಲೆ ಮುಂಗೈಯ ಒಳಮೈಯಲ್ಲಿ ಎಣ್ಣೆಯದೋ ಪುಡಿಯದೋ ಒಂದೆರಡು ಮಚ್ಚೆ. ಅವಳ ಎಡಗೈ ಬೇರೆ ಯಾವ ಕೆಲಸಕ್ಕೂ ಸಿಗುತ್ತಿರಲಿಲ್ಲ.

ಒಮ್ಮೆ ಗುಬ್ಬಿಯಿಂದ ತುಮಕೂರಿಗೆ ಅವಳೂ ನಾನೂ ಬಸ್ಸಿನಲ್ಲಿ ನಿಂತು ಬರುತ್ತಿದ್ದೆವು. ಬ್ರೇಕ್ ಹಾಕಿದಾಗಲೆಲ್ಲ ಅವಳು ಒಂದೇ ಕೈಯಲ್ಲಿ ಕಂಬಿ ಹಿಡಿದು ತೂಗಾಡುವುದನ್ನು ನೋಡಿದ ಕಂಡಕ್ಟರ್, "ಎರಡೂ ಕೈಲಿ ಹಿಡ್ಕೊಳ್ಳಿ ಮೇಡಂ, ಆ ಕೈಗೇನಾಗೈತೆ?" ಎಂದ.

"ಏನೂ ಆಗ್ಬಾರ್ದು ಅಂತಾನೇ ಹಿಂಗಿಟ್ಕೊಂಡಿದೀನಿ ಕಣಪ್ಪಾ" ಎಂದಳು ಉಮಾ.

ಅವನಿಗೆ ಅರ್ಥವಾಗಲಿಲ್ಲ, ನನಗೆ ಆಗಿತ್ತು. ಹಸುಗೂಸಿಗೆ ಹಚ್ಚುವುದು ಯಾವುದೇ ಆಗಲಿ, ಮೊದಲು ಅವಳ ಆ ಕೈ ಅದನ್ನು ಒಂದು ಹಗಲು ಒಂದು ರಾತ್ರಿ ಹೊತ್ತು ತಿರುಗಬೇಕು. ಕೆಂಪಾದರೆ, ನವೆಯಾದರೆ, ಮಾಡಿದ್ದೆಲ್ಲ ಬಚ್ಚಲಿಗೆ. ಸುಮ್ಮನಿದ್ದರೆ ಬಾಟಲಿಗೆ.

ಇದನ್ನು ಅವಳಿಗೆ ಕಲಿಸಿದವರು ಅತ್ತೆ ಸರ್ವಮಂಗಳಮ್ಮ. ಗುಬ್ಬಿಯ ಅವರ ಬೀದಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಎಣ್ಣೆನೀರು ಹಾಕುತ್ತಿದ್ದ ಹೆಂಗಸು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಸೊಸೆಗೆ ಅವರು ಹೇಳಿದ್ದು ಇಷ್ಟೇ: "ಇದಕ್ಕೆ ಹಚ್ಚೋದನ್ನ ಮೊದ್ಲು ನೀನು ಹಚ್ಕೋ. ಉರಿ ಅಂತ ಹೇಳಕ್ಕೆ ಇದಕ್ಕೆ ಮಾತು ಬರಲ್ಲ." ಅತ್ತೆ ಹೋದ ಮೇಲೆ, ಗಂಡ ಷಡಕ್ಷರಿಯವರಿಗೆ ತುಮಕೂರಿನಲ್ಲಿ ಕೆಲಸವಾಗಿ ಅಲ್ಲಿನ ಬಟವಾಡಿ ಬಡಾವಣೆಗೆ ಮನೆ ಬದಲಾಯಿಸಿದ ಮೇಲೆ, ಆ ಮಾತು ಮಾತ್ರ ಅವಳ ಜೊತೆ ಬಂತು. ಗುಬ್ಬಿಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ನಾನು ಆಗಲೇ ಅದೇ ಬಟವಾಡಿಯ ಹಿಂದಿನ ಬೀದಿಯಲ್ಲಿದ್ದೆ, ಮೊದಲ ಬಾಣಂತನದಲ್ಲಿದ್ದೆ. ನನ್ನ ಮಗಳು ನಂದಿತಾ ದಿನ ತುಂಬುವ ಮೊದಲೇ ಹುಟ್ಟಿದವಳು. ಮೈಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಉಮಾ ಬಂದು ನೋಡಿದಳು, ಮಗುವಿನ ಕೆನ್ನೆಗೆ ಬೆರಳು ತಾಗಿಸದೆ ಮೊಣಕೈ ತಾಗಿಸಿದಳು, ಎದ್ದು ಹೋದಳು. ಎರಡು ದಿನದ ಮೇಲೆ ಒಂದು ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಕಾಯಿಹಾಲಿನಿಂದ ತೆಗೆದ ಎಣ್ಣೆ ತಂದಳು. ಅವಳು ಮನೆಯ ಹೊರಗೆ ಕೊಟ್ಟ ಮೊದಲ ಎಣ್ಣೆ ಅದು.

ಆಮೇಲಿನ ವರ್ಷಗಳಲ್ಲಿ ಬಟವಾಡಿ, ಶಿರಾ ಗೇಟ್, ಗುಬ್ಬಿ, ಕುಣಿಗಲ್ ಕಡೆಯ ಎಷ್ಟು ಮನೆಗಳಿಗೆ ಅದು ಹೋಯಿತೋ ನನಗೆ ತಿಳಿಯದು. ಅಡುಗೆಮನೆಯ ಹಿಂದಿನ ಶೀಟಿನ ಮಾಡಿನಲ್ಲಿ ಅವಳ ಕೆಲಸ. ಸೀರೆಯ ಮೇಲೆ ಷಡಕ್ಷರಿಯವರ ಹಳೆಯ ಬಿಳಿ ಶರ್ಟು. ಅದರ ಬಲತೋಳು ಮಣಿಕಟ್ಟಿನವರೆಗೂ ಗುಂಡಿ ಹಾಕಿದ್ದು, ಎಡತೋಳು ಭುಜದ ಹತ್ತಿರವೇ ಕತ್ತರಿಸಿದ್ದು. ಕಾಯಿಹಾಲು ಸಣ್ಣ ಉರಿಯಲ್ಲಿ ಕಾದು, ಒಡೆದು, ಕಂದು ಗಸಿ ತಳಕ್ಕೆ ಇಳಿದು ಎಣ್ಣೆ ಮೇಲೆ ಬರುವಾಗ, ಹೈವೇ ಲಾರಿಗಳ ಹೊಗೆಯನ್ನೂ ಮೀರಿ ಆ ಓಣಿಗೆ ಅದರ ಪರಿಮಳ ಹಬ್ಬುತ್ತಿತ್ತು. ಮಕ್ಕಳ ಸ್ನಾನಕ್ಕೆ ಹೆಸರುಕಾಳು, ಗುಲಾಬಿ ದಳ, ಕಚೋರ, ಕಸ್ತೂರಿ ಅರಿಶಿನ ಸೇರಿಸಿ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ. ಮೊಲೆತೊಟ್ಟು ಒಡೆದು ಅಳುವ ಬಾಣಂತಿಯರಿಗೆ ತಾಮ್ರದ ತಟ್ಟೆಯಲ್ಲಿ ನೀರು ಹಾಕಿ ಹಾಕಿ ತಿಕ್ಕಿ ತೊಳೆದ ತುಪ್ಪ. ಕೊನೆಗೆ ಅದು ಬೆಣ್ಣೆಗಿಂತ ಬೆಳ್ಳಗೆ, ನೊರೆಯಂತೆ ಹಗುರಾಗಿ ಬರುತ್ತಿತ್ತು. ಅದನ್ನು ತಿಕ್ಕುತ್ತಾ ಕೂತಾಗ ಅವಳು ಲೋಕದ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಮಗುವನ್ನು ನೋಡದೆ ಮಾತ್ರ ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಕೊಟ್ಟರೂ ಹದಿನೈದು ದಿನಕ್ಕೆ ಮುಗಿಯುವಷ್ಟು.

"ನಾಳೆವರ್ಗೂ ಇರ್ಲಿ, ಕೈ ಏನನ್ನುತ್ತೋ ನೋಡೋಣ" ಎನ್ನುವುದು ಅವಳ ಬಾಯಲ್ಲಿ ಎಷ್ಟು ಕೂತಿತ್ತೆಂದರೆ, ಎಣ್ಣೆಗೆ ಸಂಬಂಧವೇ ಇಲ್ಲದ ಕಡೆಯೂ ಅದು ಹೊರಡುತ್ತಿತ್ತು. ಸೀರೆ ಅಂಗಡಿಯಲ್ಲಿ ಹೇಳಿ ಅಂಗಡಿಯವನನ್ನು ತಬ್ಬಿಬ್ಬು ಮಾಡಿದ್ದಳು. ಮಗಳು ಸಿಂಚನಾಳನ್ನು ನೋಡಲು ಬಂದ ಗಂಡಿನ ಕಡೆಯವರು ಹೊರಟ ಮೇಲೆ, ಹುಡುಗ ಹೇಗೆ ಎಂದು ಕೇಳಿದರೆ ಅದಕ್ಕೂ ಅದನ್ನೇ ಹೇಳಿದಳು. ಷಡಕ್ಷರಿ ಸಾಮಾನ್ಯವಾಗಿ ಮಾತಿಲ್ಲದ ಮನುಷ್ಯ. ಅವತ್ತು ಪೇಪರ್ ಕೆಳಗಿಟ್ಟು, "ಹುಡುಗನ್ನ ಅರೆದು ಕೈಗೆ ಹಚ್ಕೋತೀಯೇನೇ?" ಎಂದರು. ಸಿಂಚನಾ ನಕ್ಕು ನಕ್ಕು ಒಳಗೆ ಓಡಿದಳು.

ಆ ಹುಡುಗಿಯೇ ಮುಂದೆ, ಅಮ್ಮಾ, ಚೆಂದದ ಲೇಬಲ್ ಮಾಡಿಸಿ ಆನ್‌ಲೈನ್‌ನಲ್ಲಿ ಮಾರೋಣ, ಒಂದು ಬ್ರ್ಯಾಂಡ್ ಮಾಡೋಣ ಎಂದು ದುಂಬಾಲು ಬಿದ್ದಳು. "ಬ್ರ್ಯಾಂಡ್‌ಗೆ ಕೈ ಇರುತ್ತೇನೇ?" ಎಂದು ಉಮಾ ಮಾತು ಮುಗಿಸಿದಳು. ಆ ಕೈಯ ಮೇಲೆ ಅವಳಿಗೆ ಅಂಥ ನಂಬಿಕೆ. ಮೊದಲ ವರ್ಷಗಳಲ್ಲಿ ಪುಡಿಗೆ ಬಜೆಬೇರು ಸ್ವಲ್ಪ ಹೆಚ್ಚಾದರೂ ಸಾಕು, ಸಂಜೆಯೊಳಗೆ ಅದು ಕೆಂಪೇರುತ್ತಿತ್ತು. ಈಗೀಗ ಕೈ ತಕರಾರೇ ತೆಗೆಯುವುದಿಲ್ಲ ಕಣೇ, ಅಷ್ಟು ಹದ ಗೊತ್ತಾಗಿಬಿಟ್ಟಿದೆ ಎಂದು ಅವಳು ಒಮ್ಮೆ ಹೆಮ್ಮೆಯಿಂದಲೇ ಹೇಳಿದಳು. ನಾನೂ ಹೆಮ್ಮೆಯಿಂದಲೇ ಕೇಳಿದೆ.

ಅವಳಿಗೆ ತೆಂಗಿನಕಾಯಿ ಬರುತ್ತಿದ್ದುದು ಅಮೃತೂರಿನ ಗಂಗಲಕ್ಷ್ಮಮ್ಮನ ತೋಟದಿಂದ. ಹೋದ ವರ್ಷ ಆ ಗಂಗಲಕ್ಷ್ಮಮ್ಮನ ಮಗಳು ಪ್ರಮೀಳಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಉಮಾ ಹೋಗಿ ಕೂಸನ್ನು ನೋಡಿದಳು, ಎಣ್ಣೆಯನ್ನೂ ಪುಡಿಯನ್ನೂ ಕೊಟ್ಟಳು. ಆ ಸಲದ ಕಸ್ತೂರಿ ಅರಿಶಿನ ಹೊಸ ಮೂಟೆಯದು. ಕೈಗೆ ಹಚ್ಚಿ ನೋಡಿದ್ದಳು, ಕೈ ಸುಮ್ಮನಿತ್ತು. ವಾರ ಕಳೆಯುವ ಮೊದಲೇ ಪ್ರಮೀಳಾಳ ಫೋನ್ ಬಂತು. ಕೂಸಿನ ಕತ್ತಿನ ಮಡಿಕೆ, ತೊಡೆಸಂದು ಎಲ್ಲ ಕೆಂಪಾಗಿ ನೀರು ಜಿನುಗುತ್ತಿದೆಯೆಂದು. ಉಮಾ ಶರ್ಟನ್ನು ಕಳಚಿ ಹಾಕಿ ನನ್ನನ್ನು ಕರೆದುಕೊಂಡು ಹೊರಟಳು. ಕುಣಿಗಲ್‌ವರೆಗೆ ಒಂದು ಬಸ್ಸು, ಅಲ್ಲಿಂದ ಅಮೃತೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಅವಳು ಮುಂಗೈಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಕೂಸನ್ನು ಎತ್ತಿಕೊಂಡು ಎಲ್ಲರೂ ಕುಣಿಗಲ್ಲಿಗೆ ಬಂದೆವು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಯಾರನ್ನೂ ಬಯ್ಯಲಿಲ್ಲ. ಹಚ್ಚುವುದೆಲ್ಲ ನಿಲ್ಲಿಸಿ, ಈ ಮುಲಾಮು ಹಚ್ಚಿ, ವಾರದೊಳಗೆ ಹೋಗುತ್ತದೆ ಎಂದು ಹೇಳಿ ಚೀಟಿ ಬರೆದರು. ಎಲ್ಲರೂ ಎದ್ದರೂ ಉಮಾ ಏಳಲಿಲ್ಲ. ಎಡಗೈಯನ್ನು ಅವರ ಮೇಜಿನ ಮೇಲೆ ಚಾಚಿದಳು.

"ಮೊದ್ಲು ನಾನು ಹಚ್ಕೊಂಡು ನೋಡಿದ್ದೆ ಡಾಕ್ಟ್ರೇ. ನೋಡಿ, ಏನೂ ಆಗಿಲ್ಲ."

ಡಾಕ್ಟರು ಆ ಮುಂಗೈಯನ್ನು ಒತ್ತಿದರು, ಬೆರಳಿನಿಂದ ಉಜ್ಜಿದರು. ಬಲಗೈಯನ್ನೂ ಕೇಳಿ ಪಕ್ಕದಲ್ಲಿಡಿಸಿಕೊಂಡು ನೋಡಿದರು. ಇಷ್ಟು ವರ್ಷ ಜೊತೆಗಿದ್ದ ನಾನೂ ಆಗಲೇ ಎರಡನ್ನೂ ಒಟ್ಟಿಗೆ ನೋಡಿದ್ದು. ಎಡಗೈಯ ಒಳಮೈ ಕಪ್ಪಾಗಿ, ದಪ್ಪವಾಗಿ, ಹಳೆಯ ಚೀಲದ ಚರ್ಮದಂತಿತ್ತು.

"ಎಷ್ಟು ವರ್ಷದಿಂದ ಹಚ್ತಿದೀರಮ್ಮಾ? ಈ ಚರ್ಮಕ್ಕೆ ಎಲ್ಲಾ ಅಭ್ಯಾಸ ಆಗ್ಬಿಟ್ಟಿದೆ. ಇದನ್ನ ಕೇಳಿ ಪ್ರಯೋಜನ ಇಲ್ಲ" ಎಂದರು, ಮೆಲ್ಲಗೆ.

ಉಮಾ ಸೆರಗಿನಿಂದ ಆ ಕೈಯನ್ನು ಮುಚ್ಚಿಕೊಂಡಳು. ತುಮಕೂರಿಗೆ ಬರುವ ಬಸ್ಸು ತುಂಬಿತ್ತು. ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದಿನಿಂದ ಓಣಿಯಲ್ಲಿ ಕಾಯಿಹಾಲು ಕಾಯುವ ಪರಿಮಳ ನಿಂತಿತು. ಫೋನ್ ಮಾಡಿದವರಿಗೆ, ಈಗ ಮಾಡ್ತಿಲ್ಲ ಎಂದಷ್ಟೇ ಹೇಳುತ್ತಿದ್ದಳು. ಮಗು ಪೂರ್ತಿ ವಾಸಿಯಾದ ಮೇಲೆ ಗಂಗಲಕ್ಷ್ಮಮ್ಮ ತಾನೇ ಒಂದು ಮೂಟೆ ಕಾಯಿ ಹೊರಿಸಿಕೊಂಡು ಬಂದಳು. "ಮಗ ಬೆಣ್ಣೆಮುದ್ದೆ ಇದ್ದಂಗವ್ನೆ. ಅವನ ಕೆಂಪು ಹೋಗಿ ಎಷ್ಟ್ ದಿನ ಆಯ್ತು, ನಿಂದೇ ಇನ್ನೂ ಹೋಗಿಲ್ವಲ್ಲ ತಾಯಿ. ಬುಡು ಅತ್ಲಾಗೆ" ಎಂದು ಬೈದಳು. ಉಮಾ ನಕ್ಕು ಅವಳಿಗೆ ಕಾಫಿ ಕೊಟ್ಟಳು. ಮೂಟೆ ಮೆಟ್ಟಿಲ ಕೆಳಗೆ ಕಟ್ಟು ಬಿಚ್ಚದೆ ಉಳಿಯಿತು.

ಮದುವೆಯಾಗಿ ಹೋಗಿದ್ದ ಸಿಂಚನಾಳಿಗೆ ತವರಿನಲ್ಲಿ ಹೆರಿಗೆಯಾದದ್ದು ಇದೆಲ್ಲ ಆದ ಕೆಲವು ತಿಂಗಳಿಗೆ. ಹೆಣ್ಣುಮಗು. ಉಮಾ ಬಾಣಂತನಕ್ಕೆ ಯಾವುದನ್ನೂ ಕಡಿಮೆ ಮಾಡಲಿಲ್ಲ. ಖಾರ, ಕಷಾಯ, ಸಾಂಬ್ರಾಣಿ ಹೊಗೆ ಎಲ್ಲ ಹೊತ್ತುಹೊತ್ತಿಗೆ ನಡೆಯಿತು. ಎಣ್ಣೆ ಮಾತ್ರ ಶಿರಾ ಗೇಟಿನ ಮೆಡಿಕಲ್ ಸ್ಟೋರಿನಿಂದ ಬಂತು. ಕನ್ನಡಕ ಹಾಕಿಕೊಂಡು ಆ ಬಾಟಲಿಯ ಸಣ್ಣ ಅಕ್ಷರಗಳನ್ನು ಅವಳು ಓದುತ್ತಾ ಕೂತಿದ್ದಾಗ ನಾನು ಅಲ್ಲಿದ್ದೆ. ಸಿಂಚನಾ ಬಾಗಿಲಲ್ಲಿ ನಿಂತು ನೋಡಿದಳು. ಅಮೃತೂರಿನ ಸಂಗತಿ ಅವಳಿಗೆ ಗೊತ್ತಿತ್ತು. ಆದರೆ ತಾನು ಹುಟ್ಟಿದಂದಿನಿಂದ ಕಂಡ ಎಣ್ಣೆ ತನ್ನ ಮಗುವಿಗೆ ಇಲ್ಲವೆಂಬುದು ಅವಳ ಬಾಣಂತಿ ಮನಸ್ಸಿಗೆ ಹಿಡಿಸಲಿಲ್ಲ.

"ಊರ್ ಮಕ್ಳಿಗೆಲ್ಲಾ ಮಾಡ್ಕೊಟ್ಟೆ. ನನ್ ಮಗು ನಿಂಗೇನ್ ಮಾಡಿತ್ತಮ್ಮಾ?"

ಉಮಾ ಬಾಟಲಿ ಕೆಳಗಿಟ್ಟು, "ಈಗ ಯಾರನ್ನ ಕೇಳಿ ಮಾಡ್ಲಿ ಕಣೇ?" ಎಂದಳು. ಸಿಂಚನಾ ಒಳಗೆ ಹೋದಳು. ಆಮೇಲೆ ತಾಯಿ ಮಗಳ ನಡುವೆ ಮಾತು ಊಟ, ಔಷಧಿ, ಬಟ್ಟೆಗಳಷ್ಟಕ್ಕೆ ನಿಂತಿತು.

ನನ್ನ ಕೈ ಇದೆಯಲ್ಲ ಎಂದು ನಾನು ಎರಡು ಮೂರು ಸಲ ಹೇಳಿ ನೋಡಿದೆ. ನಿನ್ನದು ಪುಸ್ತಕ ಹಿಡಿದ ಕೈ, ಬಿಸಿಲು ಬಿದ್ದರೂ ಕೆಂಪಾಗುತ್ತೆ ಎಂದು ತಮಾಷೆ ಮಾಡಿ ತಳ್ಳಿಹಾಕುತ್ತಿದ್ದಳು. ಆದರೆ ಒಂದು ಮಧ್ಯಾಹ್ನ, ಮಗಳೂ ಮೊಮ್ಮಗಳೂ ಮಲಗಿದ್ದ ಹೊತ್ತಿನಲ್ಲಿ, ಸೆರಗಿನಡಿ ಒಂದು ಸ್ಟೀಲ್ ಬಟ್ಟಲು ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ಮೂಟೆ ಬಿಚ್ಚಿದ್ದಳು. ಮಗುವಿಗೆ ಒಂದು ಸಲ ಆಗುವಷ್ಟು ಎಣ್ಣೆ ತೆಗೆದಿದ್ದಳು.

"ಅದೇ ಬಿಸಿಲಿಗೆ ಕೆಂಪಾಗೋ ಕೈಯೇ ಬೇಕಿರೋದು. ಕೊಡಿಲ್ಲಿ" ಎಂದಳು.

ನನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಮುಂಗೈಯ ಒಳಮೈಗೆ ಒಂದೇ ತೊಟ್ಟು ಬಿಟ್ಟು, ಕಿರುಬೆರಳಿನಿಂದ ಸುತ್ತಲೂ ಹರಡಿದಳು. ಸಿಂಚನಾಗೆ ಈಗಲೇ ಹೇಳಬೇಡ ಎಂದಳು. ಬಟ್ಟಲನ್ನು ಮತ್ತೆ ಸೆರಗಿನಡಿ ಮುಚ್ಚಿಕೊಂಡು ಹೊರಡುವಾಗ ಬಾಗಿಲಲ್ಲಿ ತಿರುಗಿ, "ಸೆರಗು ತಾಗಿಸ್ಬೇಡ. ನಾಳೆ ಬೆಳಿಗ್ಗೆ ಬರ್ತೀನಿ, ಏನನ್ನುತ್ತೋ ನೋಡೋಣ" ಎಂದಳು. ಎಷ್ಟೋ ತಿಂಗಳ ಮೇಲೆ ಆ ಮಾತು ಕೇಳಿದೆ. ಆ ಸಂಜೆಯೆಲ್ಲ ನಾನು ಎಡಗೈ ಮಡಿಸಿಕೊಂಡು, ಒಳಮೈ ಮೇಲೆ ಮಾಡಿಕೊಂಡು, ನಮ್ಮ ಮನೆಯೊಳಗೇ ಅವಳ ಹಾಗೆ ನಡೆದೆ.

ಬೆಳಿಗ್ಗೆ ಬಂದದ್ದು ಷಡಕ್ಷರಿಯವರ ಫೋನು. ಮಗುವಿನ ಸ್ನಾನಕ್ಕೆ ನೀರು ಕಾಯಿಸಲು ಎದ್ದ ಉಮಾ ಬಚ್ಚಲ ಬಾಗಿಲಲ್ಲೇ ಕುಸಿದಿದ್ದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ಎಂದರು. ಅವಳು ಯಾವತ್ತೂ ಎದೆನೋವೆಂದವಳಲ್ಲ. ಅಂದಿದ್ದರೆ ನಾವು ಕೇಳುತ್ತಿದ್ದೆವೇ ಎಂಬುದೂ ಈಗ ನನಗೆ ಖಾತ್ರಿಯಿಲ್ಲ.

ಗುಬ್ಬಿಯಿಂದ ನೆಂಟರು ಬರುವ ಹೊತ್ತಿಗೆ ನಾನು ಒಳಕೋಣೆಯಲ್ಲಿ ಸಿಂಚನಾಳ ಪಕ್ಕ ಕೂತಿದ್ದೆ. ಹಿತ್ತಿಲಲ್ಲಿ ಕೊನೆಯ ಸ್ನಾನಕ್ಕೆ ಸಿದ್ಧತೆ ನಡೆಯುತ್ತಿತ್ತು. ಎಣ್ಣೆ ಎಲ್ಲಿ ಎಂದು ಯಾರೋ ಕೇಳಿದ್ದು, ಇಲ್ಲಿದೆ ಎಂದು ಇನ್ಯಾರೋ ಅಂದದ್ದು ಕಿವಿಗೆ ಬಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ಆ ಸ್ಟೀಲ್ ಬಟ್ಟಲು ಬರಿದಾಗಿ ಕಲ್ಲಿನ ಮೇಲೆ ಬಿದ್ದಿತ್ತು. ಗುಬ್ಬಿಯ ಹೆಂಗಸರಿಗೆ ಏನು ಗೊತ್ತು? ಅಡುಗೆಮನೆಯಲ್ಲಿ ಕಂಡ ಎಣ್ಣೆಯನ್ನು ತಂದು ಅವಳ ತಲೆಗೆ, ಕಾಲಿಗೆ, ಎರಡೂ ಕೈಗೆ ಹಚ್ಚಿದ್ದರು. ಮೊಮ್ಮಗಳಿಗೆಂದು ಅವಳು ತೆಗೆದ ಎಣ್ಣೆ ಆ ಕಪ್ಪು ಮುಂಗೈಯ ಮೇಲೆ ಹೊಳೆಯುತ್ತಿತ್ತು. ನನ್ನ ಕೈ ನೋಡಿಕೊಂಡೆ. ಒಂದು ಗುಳ್ಳೆಯಿಲ್ಲ, ಒಂದಿಷ್ಟು ಕೆಂಪಿಲ್ಲ. ಎಣ್ಣೆ ಚೆನ್ನಾಗಿತ್ತು. ಅದನ್ನು ಹೇಳಬೇಕಾದವಳಿಗೆ ಹೇಳುವ ಹೊತ್ತು ಮೀರಿತ್ತು.

ಗುಬ್ಬಿಯ ತೋಟದಲ್ಲಿ ಮಣ್ಣು ಮಾಡಿ ಬಂದ ಮೇಲೆ ಸಿಂಚನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ನನ್ನ ಮುಂಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡು, "ಇನ್ನೂ ವಾಸ್ನೆ ಇದೆ ಆಂಟಿ" ಎಂದಳು. ಬಹಳ ಹೊತ್ತು ಬಿಡಲಿಲ್ಲ. ತೊಟ್ಟಿಲ ಪಕ್ಕದ ಗೂಡಿನಲ್ಲಿ ಶಿರಾ ಗೇಟಿನ ಬಾಟಲಿ ಇತ್ತು. ಮಾರನೆಯ ದಿನ ಮಗುವಿಗೆ ಅದನ್ನೇ ಹಚ್ಚಿದರು.

ಪ್ರತಿ ಮನೆಯಲ್ಲೂ ಪ್ರತಿ ಬೀದಿಯಲ್ಲೂ ಇಂಥವರು ಒಬ್ಬರಿರುತ್ತಾರೆ. ಬೇರೆಯವರಿಗೆ ತಾಗಬಹುದಾದ ಉರಿಯನ್ನು ಮೊದಲು ತಮ್ಮ ಮೈಗೆ ಹಚ್ಚಿಕೊಂಡು ನೋಡುವವರು. ಅವರ ಚರ್ಮ ಮೊದಮೊದಲು ಮಾತಾಡುತ್ತದೆ, ಕೆಂಪಾಗುತ್ತದೆ, ನವೆಯೆನ್ನುತ್ತದೆ. ಆಗ ನಾವು ಎಚ್ಚರದಿಂದಿರುತ್ತೇವೆ. ವರ್ಷಗಳು ಹೋಗುತ್ತಾ ಅದು ದಪ್ಪವಾಗಿ ಮಾತು ಬಿಡುತ್ತದೆ. ಅದು ಸುಮ್ಮನಿರುವುದನ್ನು ಕಂಡು ಅವರು ತಮಗೆ ಹದ ಸಿಕ್ಕಿತೆಂದುಕೊಳ್ಳುತ್ತಾರೆ, ನಾವು ಎಲ್ಲವೂ ಕ್ಷೇಮವೆಂದುಕೊಳ್ಳುತ್ತೇವೆ. ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಒತ್ತಿ ನೋಡಿ, ನಿನಗೆ ಹೇಗಿದೆ ಎಂದು ಕೇಳುವುದು ಯಾರ ಕೆಲಸವೂ ಆಗಿರುವುದಿಲ್ಲ. ಅವರಿಗೂ ಒಂದು ನಾಳೆ ಇರುತ್ತದೆ, ಬಂದು ನೋಡುತ್ತಾರೆ ಎಂದು ನಾವೆಲ್ಲ ಕೈ ಮಡಿಸಿಕೊಂಡು ಕಾಯುತ್ತಿರುತ್ತೇವೆ.