ಕರಡಿಗೆಯ ಎರಡು ಮಾತ್ರೆ

ಶಾಂತಮಲ್ಲಮ್ಮ ದೇವರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೆ ಅವಳ ಗಂಡ ಗುರುಪಾದಸ್ವಾಮಿ ಸಂಜೆಯ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವ ಮುಂಚೆ, ಅದೇ ಕರಡಿಗೆಯಿಂದ ಸಣ್ಣದೇನನ್ನೋ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡ. ಅದು ಮಾತ್ರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆರು ವರ್ಷದ ಹಿಂದೆ ಚೆಂಡುಹೂವಿನ ಮೂಟೆ ಹೇರಿದ್ದ ಟ್ರೇಲರ್ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡವನು ಅವನು. ನೋವಿಗೆಂದು ಕೊಟ್ಟ ಮಾತ್ರೆ ದಿನಕ್ಕೆ ಎರಡಿದ್ದದ್ದು ಹನ್ನೆರಡಾಯಿತು, ಆಮೇಲೆ ನೋವಿಲ್ಲದ ದಿನವೂ ಬೇಕಾಯಿತು. ತಮ್ಮೂರು ಹಂಗಳದಿಂದ ಗುಂಡ್ಲುಪೇಟೆಯ ಮೆಡಿಕಲ್ ಸ್ಟೋರುಗಳಿಗೆ, ಅಲ್ಲಿ ಕೊಡದಿದ್ದರೆ ಕೇರಳ ಗಡಿಯಾಚೆಯ ಸುಲ್ತಾನ್ ಬತ್ತೇರಿಗೆ ಅಲೆದಾಟ. ಅವನ ನರಳಾಟ ನಂಬಿ ಅಂಗಡಿಗಳ ಮುಂದೆ ಸೆರಗೊಡ್ಡಿ ಅತ್ತವಳು ಇವಳೇ. ಅದರಲ್ಲಿ ಅರ್ಧ ನಾಟಕವೆಂದು ಗೊತ್ತಾದ ದಿನ ಅವಳು ಅವನ ನೋವಿನ ಮಾತಿಗೆ ಕಿವಿ ಮುಚ್ಚಿಕೊಂಡಳು.

ಎರಡು ತಿಂಗಳಿಂದ ಚಾಮರಾಜನಗರದ ಆಸ್ಪತ್ರೆಯ ಚಿಕಿತ್ಸೆ ನಡೆಯುತ್ತಿತ್ತು. ಹಳೆಯ ಮಾತ್ರೆಯ ಹಂಬಲವನ್ನು ಅಡಗಿಸುವ ಬೇರೆ ಮಾತ್ರೆ; ಬೆಳಗ್ಗೆ ಮೂರನ್ನು ಒಟ್ಟಿಗೆ ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಸ್ಟ್ರಿಪ್ಪು ಶಾಂತಮಲ್ಲಮ್ಮನ ವಶದಲ್ಲಿ; ದಿನಾ ಮೂರು ಬಿಡಿಸಿ ಅವನ ಕೈಗೆ ಕೊಡುವವಳು ಅವಳೇ. ಬಚ್ಚಿಟ್ಟದ್ದು ಗೊತ್ತಾದರೆ ಮನೆಗೆ ಕೊಡುವುದಿಲ್ಲ, ದಿನಾ ಇಲ್ಲಿಗೇ ಬರಬೇಕಾಗುತ್ತದೆ ಎಂದು ಡಾಕ್ಟರಮ್ಮ ಶಿವರಂಜಿನಿ ಮೊದಲೇ ಎಚ್ಚರಿಸಿದ್ದರು.

ಒಬ್ಬರ ಲಿಂಗಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ, ಕಟ್ಟಿಕೊಂಡ ಹೆಂಡತಿಯೂ ಅಷ್ಟೆ. ಅವಳು ಹಾಸಿಗೆ ಕೊಡವಿದ್ದಳು, ಅಂಗಿಯ ಜೇಬು ಹುಡುಕಿದ್ದಳು. ಕಳ್ಳ ಸರಿಯಾದ ಜಾಗವನ್ನೇ ಹಿಡಿದಿದ್ದ. ಶಿವನನ್ನೂ ಪಾಲುದಾರನನ್ನಾಗಿ ಮಾಡಿಕೊಂಡಿದ್ದ. ಕೇಳಲು ಹೋಗಲಿಲ್ಲ; ಅವನ ಉತ್ತರಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಡಾಕ್ಟರಮ್ಮನ ಎದುರಿಗೇ ಹೇಳುವುದು, ಹಳೇ ದಾರಿಗೇ ಬಿದ್ದಿದ್ದಾನೆ ಎಂದು ಅವರೂ ಅಂದರೆ ಅಲ್ಲಿಂದಲೇ ಸಂತೆಮರಹಳ್ಳಿಯ ಅಣ್ಣನ ಮನೆಗೆ ಹೋಗಿಬಿಡುವುದು, ಮತ್ತೆ ಬರುವುದಿಲ್ಲ ಎಂದು ತೀರ್ಮಾನಿಸಿದಳು.

ಮರುದಿನ ಬೆಳಗ್ಗೆ ಎಂದಿನಂತೆ ಮೂರು ಮಾತ್ರೆ ಕೊಟ್ಟು, ಆಸ್ಪತ್ರೆಗೆ ಕರೆದಿದ್ದಾರೆ ಎಂದಷ್ಟೇ ಹೇಳಿ, ಬ್ಯಾಗಿಗೆ ನಾಲ್ಕು ಸೀರೆ ತುಂಬಿದಳು. ಅವನು ಸೀರೆಗಳನ್ನು ನೋಡಿದ, ಹೋಗಿ ಚಪ್ಪಲಿ ಮೆಟ್ಟಿಕೊಂಡ.

ಡಾಕ್ಟರಮ್ಮನ ಮುಂದೆ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೇಳುವಾಗ ಗಂಡನ ಮುಖ ನೋಡಲಿಲ್ಲ. ಕರಡಿಗೆ ತೆಗೆಯಿರಿ ಎಂದು ನಾನು ಹೇಳಲಾರೆ, ನೀವೇ ತೋರಿಸಿ ಎಂದು ಡಾಕ್ಟರಮ್ಮ ಅವನಿಗೆ ಹೇಳಿದರು. ಗುರುಪಾದಸ್ವಾಮಿ ಗೋಡೆಯ ಕಡೆ ತಿರುಗಿ ಕರಡಿಗೆ ಬಿಚ್ಚಿ, ಎರಡು ಮಾತ್ರೆ ತಂದು ಮೇಜಿನ ಮೇಲಿಟ್ಟ. ಅವಳು ಬೆಳಗ್ಗೆ ಕೊಟ್ಟ ಮೂರರಲ್ಲಿ ಎರಡು.

"ಬೆಳಿಗ್ಗ ಒಂದು, ಸಂದ ಪೂಜ ಹೊತ್ಗ ಒಂದು, ಮನಿಕಳಾಗ ಒಂದು," ಎಂದ ಅವನು. "ಮೂರ ಮೇಲ ಒಂದೂ ತಕ್ಕಂಡಿಲ್ಲ. ಮೂರೂ ಒಟ್ಗ ತಕ್ಕಂಡ್ರ ಮಧ್ಯಾನುಕ್ಕೇ ನೋವು ಸುರುವಾಯ್ತುದ."

ಬಾಯಿಬಿಟ್ಟು ಹೇಳುವುದಕ್ಕೇನಾಗಿತ್ತು ಎಂದು ಡಾಕ್ಟರಮ್ಮ ಕೇಳಿದರು. ಅವನು ಆ ದಿನ ಮೊದಲ ಸಲ ಹೆಂಡತಿಯನ್ನು ನೋಡಿದ.

"ನೋವು ನೋವು ಅಂತ ಸುಳ್ಳು ಯೋಳ್ಕಂಡೇ ಆರು ವರ್ಸ ನುಂಗಿವ್ನಿ ಮೇಡಮ್ಮೋರ. ಈಗ ದಿಟವಾಗೂ ನೋಯ್ತುದ ಅಂದ್ರ ಇವ್ಳು ನಂಬ್ತಿದ್ಲಾ?"

ನಂಬುತ್ತಿರಲಿಲ್ಲ. ಈಗಲೂ ಅವಳು ನಂಬಲಿಲ್ಲ. ಮೂತ್ರ ಪರೀಕ್ಷೆಗೆ ಕಳಿಸಿದ ಮೇಲೆ ಒಂದು ಗಂಟೆ ಇಬ್ಬರೂ ಬೆಂಚಿನ ಮೇಲೆ ಕೂತರು, ನಡುವೆ ಸೀರೆಯ ಬ್ಯಾಗು. ಹಳೆಯ ಮಾತ್ರೆಯ ಸುಳಿವು ಸಿಕ್ಕಿಬಿಡಲಿ ಎಂದು ಒಂದು ಗಳಿಗೆ ಅವಳಿಗನ್ನಿಸಿತು. ಸಿಕ್ಕಿದರೆ ಈ ಕಾಯುವುದಾದರೂ ಮುಗಿಯುತ್ತಿತ್ತು. ಹಾಗನ್ನಿಸಿದ್ದಕ್ಕೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಸುಳಿವು ಸಿಗಲಿಲ್ಲ. ಹಂಬಲ ತಡೆಯಲು ಈ ಮಾತ್ರೆ ದಿನಕ್ಕೊಂದು ಹೊತ್ತು ಸಾಕು, ಆದರೆ ನೋವನ್ನು ಆರೇಳು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ, ನೋವಿದೆಯೇ ಎಂದು ನಾನೇ ಕೇಳಬೇಕಿತ್ತು ಎಂದರು ಡಾಕ್ಟರಮ್ಮ. ಮಾತ್ರೆ ಬಚ್ಚಿಟ್ಟದ್ದಕ್ಕೆ ಅವನಿಗೆ ಚೆನ್ನಾಗಿಯೇ ಬೈದರು, ಮೇಜಿನ ಮೇಲಿನ ಎರಡನ್ನೂ ವಾಪಸ್ ತೆಗೆದುಕೊಂಡರು. ಆಮೇಲೆ ಚೀಟಿ ಬರೆದರು: ಅವೇ ಮೂರು, ಮೂರು ಹೊತ್ತಿಗೆ. ಅವನು ಕದ್ದು ಮಾಡಿಕೊಂಡದ್ದೇ ಈಗ ಡಾಕ್ಟರ ಅಕ್ಷರದಲ್ಲಿತ್ತು. ಇನ್ನು ಮೇಲೆ ವಾರದ ಮಾತ್ರೆ ಮಾತ್ರ, ಮೂರು ಹೊತ್ತೂ ನೀವೇ ಕೊಡಬೇಕು ಎಂದು ಶಾಂತಮಲ್ಲಮ್ಮನಿಗೆ ಹೇಳಿದರು.

ಆಸ್ಪತ್ರೆಯ ಹೊರಗೆ ಬಂದು ಅವಳು ಸಂತೆಮರಹಳ್ಳಿಯ ಬಸ್ಸಿನ ಕಡೆ ನೋಡಿದಳು. ಆಮೇಲೆ ಬ್ಯಾಗನ್ನು ಹೆಗಲಿಗೇರಿಸಿ, ಊರಿಗೆ ಹೋಗುವ ಗುಂಡ್ಲುಪೇಟೆಯ ಬಸ್ಸಿನ ಕಡೆ ನಡೆದಳು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿದ ಮೇಲೆ ರಸ್ತೆಯುಬ್ಬುಗಳು, ಹಂಪುಗಳು, ಶುರುವಾದವು. ಪ್ರತಿ ಹಂಪು ಬಂದಾಗಲೂ ಗುರುಪಾದಸ್ವಾಮಿ ಮುಂದಿನ ಸೀಟಿನ ಕಂಬಿ ಹಿಡಿದು ಮೈಯನ್ನು ಸೀಟಿನಿಂದ ಮೇಲಕ್ಕೆತ್ತುತ್ತಿದ್ದ. ಇಷ್ಟು ವರ್ಷ ಅದನ್ನೂ ಅವಳು ನಾಟಕದ ಲೆಕ್ಕಕ್ಕೇ ಸೇರಿಸಿದ್ದಳು.

"ನಿಮ್ಗ ಎಲ್ಲಿ ನೋಯ್ತುದ?"

ಜಗಳ ತೆಗೆಯುತ್ತಿದ್ದಾಳೆಂದುಕೊಂಡು ಅವನು ಸುತ್ತಲಿನವರನ್ನು ನೋಡಿದ. ಅವಳು ಇನ್ನೊಮ್ಮೆ ಕೇಳಿದಳು. ಆಗ ಅವನು ಅವಳ ಕೈ ಹಿಡಿದು ತನ್ನ ಬೆನ್ನ ಹಿಂದಕ್ಕೊಯ್ದು, ಸೊಂಟದ ಎಡಕ್ಕೆ, ಅಂಗಿಯ ಮೇಲೆ ಒತ್ತಿಟ್ಟ.

ಮುಂದೊಂದು ಹಂಪು ಕಂಡಿತು, ಬಸ್ಸು ಇನ್ನೂ ನಿಧಾನಿಸಿರಲಿಲ್ಲ. ಅವಳ ಅಂಗೈಯ ಕೆಳಗಿನ ಮಾಂಸ ಆಗಲೇ ಕಲ್ಲಿನಂತೆ ಬಿಗಿದುಕೊಂಡಿತು. ಆಮೇಲೆ ಹಂಪು ಬಂತು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಇವರನ್ನು ದಿಟ್ಟಿಸಿದಳು. ಶಾಂತಮಲ್ಲಮ್ಮ ಕೈ ತೆಗೆಯದೆ, ಮುಂದಿನ ಹಂಪು ಎಲ್ಲಿದೆಯೆಂದು ಕತ್ತು ಚಾಚಿ ರಸ್ತೆ ನೋಡತೊಡಗಿದಳು.